ನೀರು ಕೇಳಲು ಬಾರದ ಅಪ್ಪ ಪದ್ಯ ಹಾಡಿದ್ದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದರು. ಐದು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಈಗ ಗೋಡೆ ಹಿಡಿದು ನಡೆಯುತ್ತಾರೆ. ಮಾತು ಮಾತ್ರ ಬಂದಿಲ್ಲ. ಏನು ಕೇಳಿದರೂ ‘ಅದೇ, ಅದೇ’ ಅನ್ನುತ್ತಾರೆ. ನೀರು ಬೇಕಾದರೂ ‘ಅದೇ’. ಹೋದ ವಾರ ನನ್ನ ಎಂಟು ವರ್ಷದ ಮಗಳು ಶಾಲೆಯ ಕಾರ್ಯಕ್ರಮಕ್ಕೆಂದು ಗೋವಿನ ಹಾಡು ಪ್ರಾಕ್ಟೀಸ್ ಮಾಡುತ್ತಿದ್ದಳು. ಅಪ್ಪ ಇದ್ದಕ್ಕಿದ್ದಂತೆ ದನಿಗೂಡಿಸಿದರು. ಎರಡು ಪದ್ಯ ಪೂರ್ತಿ ಹಾಡಿದರು, ಒಂದು ಅಕ್ಷರ ತಪ್ಪಲಿಲ್ಲ. ನಾವೆಲ್ಲ ಅತ್ತುಬಿಟ್ಟೆವು. ಹಾಡು ಮುಗಿದ ಮೇಲೆ ‘ಅಪ್ಪಾ, ನೀರು ಅನ್ನಿ’ ಅಂದರೆ ಮತ್ತೆ ‘ಅದೇ, ಅದೇ’. ‘ಅಷ್ಟುದ್ದ ಹಾಡು ಬರುತ್ತೆ, ನೀರು ಅನ್ನೋಕೆ ಬರಲ್ವಾ? ಎಲ್ಲಾ ಹಟ’ ಅನ್ನುತ್ತಾರೆ ನಮ್ಮ ಚಿಕ್ಕಪ್ಪ. ಇದು ಹೇಗೆ ಸಾಧ್ಯ? ಹಾಡಿಸುತ್ತಿದ್ದರೆ ಮಾತು ಬರುತ್ತದೆಯೇ? ಅಥವಾ ಪದ್ಯ ಗಿದ್ಯ ಬಿಟ್ಟು ಬರೀ ಮಾತನ್ನೇ ಕಲಿಸಬೇಕೇ?

ಉತ್ತರ: ಮೊದಲು ನಿಮ್ಮ ಚಿಕ್ಕಪ್ಪನವರಿಗೆ ಹೇಳಿ, ಇದು ಹಟವಲ್ಲ. ನಾಟಕವೂ ಅಲ್ಲ. ಹಾಡಲು ಬಂದದ್ದೂ ನಿಜ, ನೀರು ಅನ್ನಲು ಬಾರದ್ದೂ ನಿಜ. ನಾನು 26 ವರ್ಷಗಳಿಂದ ಸ್ಪೀಚ್ ಥೆರಪಿ ಕೆಲಸದಲ್ಲಿದ್ದೇನೆ. ಇಂಥವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಹೀಗನ್ನುವ ಒಬ್ಬ ಚಿಕ್ಕಪ್ಪನೋ ದೊಡ್ಡಮ್ಮನೋ ಇದ್ದೇ ಇರುತ್ತಾರೆ. ಅವರ ಮೇಲೆ ಸಿಟ್ಟು ಬೇಡ. ಹೊರಗಿನಿಂದ ನೋಡುವವರಿಗೆ ಅದು ಹಾಗೇ ಕಾಣುತ್ತದೆ.

ಬಲಗೈ ಸೋತಿದೆ ಅಂದರೆ ಪೆಟ್ಟು ಬಿದ್ದಿರುವುದು ಮೆದುಳಿನ ಎಡಭಾಗಕ್ಕೆ. ಬಲಗೈ ಬಳಸುವವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಭಾಷೆಯ ಮುಖ್ಯ ಕೆಲಸ ನಡೆಯುವುದು ಆ ಎಡಭಾಗದಲ್ಲೇ. ಅಲ್ಲಿಗೆ ರಕ್ತ ನಿಂತು ಭಾಷೆ ಕೆಟ್ಟರೆ ಅದನ್ನು ಅಫೇಸಿಯಾ ಅನ್ನುತ್ತೇವೆ. ಊರ ಕಡೆ ‘ನಾಲಿಗೆ ಬಿದ್ದುಹೋಯ್ತು’ ಅಂತಾರೆ. ಆದರೆ ನಿಮ್ಮ ತಂದೆಯ ನಾಲಿಗೆ ನೆಟ್ಟಗಿದೆ. ಇಲ್ಲದಿದ್ದರೆ ‘ಧರಣಿ ಮಂಡಲ’ ಅಷ್ಟು ಸ್ಪಷ್ಟವಾಗಿ ಹೇಗೆ ಬಂದೀತು? ಬೇಕಾದ ಪದ ಹುಡುಕಿ, ಅದರ ದನಿಗಳನ್ನು ಸಾಲಾಗಿ ಜೋಡಿಸಿ ಬಾಯಿಗೆ ಕಳಿಸುವ ದಾರಿ ಕುಸಿದಿದೆ, ಅಷ್ಟೆ. ಹಾಗಾಗಿ ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದ ಏನೂ ಆಗದು. ಬಜೆಯ ಮಾತು ಬಂದದ್ದಕ್ಕೆ ಇನ್ನೊಂದು. ಸ್ಟ್ರೋಕ್ ಆದವರಲ್ಲಿ ಹಲವರಿಗೆ ನುಂಗುವುದೂ ಕಷ್ಟವಾಗಿರುತ್ತದೆ. ಯಾರೋ ಹೇಳಿದರೆಂದು ಜೇನುತುಪ್ಪ, ಕಷಾಯ ಬಾಯಿಗೆ ಸುರಿಯಬೇಡಿ. ಅದು ಶ್ವಾಸಕ್ಕೆ ಹೋಗಬಹುದು.

ಮಾತು ಹೋದರೆ ಬುದ್ಧಿಯೂ ಹೋಯಿತು ಅಂದುಕೊಳ್ಳುವವರು ಜಾಸ್ತಿ. ಇದಕ್ಕೆ ನಾನು ಯಾವಾಗಲೂ ಹೇಳುವ ಕತೆ ಸ್ಯಾಮ್ಯುಯೆಲ್ ಜಾನ್ಸನ್ನನದು. 1755ರಲ್ಲಿ ಇಂಗ್ಲಿಷಿಗೆ ದೊಡ್ಡ ನಿಘಂಟು ಮಾಡಿಕೊಟ್ಟವನು ಅವನು. 1783ರ ಜೂನ್ ತಿಂಗಳ ಒಂದು ರಾತ್ರಿ, 73ನೇ ವಯಸ್ಸಿನಲ್ಲಿ, ಅವನಿಗೆ ಲಕ್ವ ಹೊಡೆಯಿತು. ತಲೆಯೊಳಗೆ ಏನೋ ಆಗುತ್ತಿದೆ ಅನ್ನಿಸಿ ಎದ್ದು ಕೂತ. ಮೈಗೆ ಏನಾದರೂ ಆಗಲಿ, ಬುದ್ಧಿಯೊಂದನ್ನು ಉಳಿಸು ಅಂತ ದೇವರನ್ನು ಬೇಡಿಕೊಂಡ. ಆ ಬೇಡಿಕೆಯನ್ನೇ ಲ್ಯಾಟಿನ್ ಪದ್ಯವಾಗಿ ಮನಸ್ಸಿನಲ್ಲಿ ಕಟ್ಟಿದ. ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಪರೀಕ್ಷೆ ಮಾಡಿಕೊಳ್ಳಲು! ಎರಡು ದಿನದ ನಂತರ ಒಬ್ಬ ಗೆಳತಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ: ಸಾಲುಗಳೇನೂ ಚೆನ್ನಾಗಿರಲಿಲ್ಲ, ಆದರೆ ಚೆನ್ನಾಗಿಲ್ಲ ಅನ್ನುವುದು ನನಗೆ ಗೊತ್ತಾಯಿತು. ಹಾಗಾದರೆ ಬುದ್ಧಿ ಸರಿಯಾಗಿದೆ ಅಂತ ಸಮಾಧಾನಪಟ್ಟುಕೊಂಡ. ಆಗ ಅವನ ಬಾಯಲ್ಲಿ ಮಾತೇ ಇರಲಿಲ್ಲ. ಆ ಭಾಷೆಯ ಪದಗಳನ್ನೆಲ್ಲ ಕೂಡಿಹಾಕಿದವನ ಬಾಯಿಗೆ ಒಂದು ಪದವೂ ಬಾರದ ರಾತ್ರಿ ಅದು. ಒಳಗೆ ಮಾತ್ರ ಪದ್ಯ ತೂಗುವ ತಕ್ಕಡಿ ಅಲುಗಾಡಿರಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಹಾಡು ಹೇಗೆ ಬಂತು?

ಹೂ ಕಟ್ಟುವುದನ್ನು ನೋಡಿದ್ದೀರಲ್ಲ. ‘ನೀರು ಬೇಕು’ ಅನ್ನುವುದು ಪ್ರತಿ ಸಲ ಹೊಸದಾಗಿ ಹೂ ಕಟ್ಟಿದ ಹಾಗೆ. ಬುಟ್ಟಿಯಿಂದ ಹೂ ಆರಿಸಬೇಕು, ಜೋಡಿಸಬೇಕು, ದಾರ ಸುತ್ತಬೇಕು. ಕೈ ಕೆಟ್ಟರೆ ಎರಡು ಹೂವೂ ನಿಲ್ಲುವುದಿಲ್ಲ. ಪದ್ಯ ಹಾಗಲ್ಲ. ಅದು ಅರವತ್ತು ವರ್ಷದ ಹಿಂದೆ, ಮೂರನೆಯದೋ ನಾಲ್ಕನೆಯದೋ ಕ್ಲಾಸಿನಲ್ಲಿ ಕಟ್ಟಿ ಮುಗಿಸಿದ ಮಾಲೆ. ಒಂದು ತುದಿ ಕೈಗೆ ಸಿಕ್ಕರೆ ಸಾಕು, ಎಳೆದಷ್ಟೂ ಬರುತ್ತದೆ. ಮೊಮ್ಮಗಳು ಆ ತುದಿಯನ್ನು ಕೈಗೆ ಕೊಟ್ಟಳು.

ಇದು ಹೊಸ ಸಂಗತಿಯಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯ ವಿಷಯ ಬರೆದ. ಏನು ಕೇಳಿದರೂ ಆತನ ಬಾಯಲ್ಲಿ ‘ಟ್ಯಾನ್, ಟ್ಯಾನ್’ ಅಷ್ಟೇ. ಇಪ್ಪತ್ತು ವರ್ಷ ಹಾಗೇ ಇದ್ದ. ನಿಮ್ಮ ತಂದೆಯ ‘ಅದೇ, ಅದೇ’ ಇದರದ್ದೇ ತಮ್ಮ. ಆದರೆ ತಾನು ಹೇಳುವುದು ಯಾರಿಗೂ ತಿಳಿಯದೆ ರೇಗಿಹೋದಾಗ ಅದೇ ಮನುಷ್ಯ ಸ್ಪಷ್ಟವಾಗಿ ಒಂದು ಬೈಗುಳ ಉದುರಿಸುತ್ತಿದ್ದ! ಆತ ತೀರಿಕೊಂಡ ಮೇಲೆ ಬ್ರೋಕಾ ಮೆದುಳು ಪರೀಕ್ಷಿಸಿ ಎಡ ಮುಂಭಾಗ ಹಾಳಾಗಿರುವುದನ್ನು ಕಂಡ. ಆಮೇಲೆ ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ ಇಂಥ ರೋಗಿಗಳನ್ನು ಗಮನಿಸಿ ಮಾತಿನಲ್ಲಿ ಎರಡು ಬಗೆ ಅಂತ ಹೇಳಿದ. ಆಗಿನ ಸಂದರ್ಭಕ್ಕೆ ಹೊಸದಾಗಿ ಕಟ್ಟುವ ಮಾತು ಒಂದು. ತನ್ನಷ್ಟಕ್ಕೆ ಹರಿದು ಬರುವ ಮಾತು ಇನ್ನೊಂದು. ಒಂದು ಎರಡು ಮೂರು ಎಣಿಸುವುದು, ವಾರದ ಹೆಸರು, ನಮಸ್ಕಾರ, ಶ್ಲೋಕ, ಬೈಗುಳ ಎಲ್ಲ ಎರಡನೆಯ ಬಗೆಗೆ ಸೇರುತ್ತವೆ. ಈ ಎರಡನೆಯದಕ್ಕೆ ಮೆದುಳಿನ ಬಲಭಾಗ ಮತ್ತು ಆಳದ ಕೆಲವು ಭಾಗಗಳೂ ಕೈಜೋಡಿಸುತ್ತವೆ. ಎಡಗಡೆ ಪೆಟ್ಟು ಬಿದ್ದರೂ ಅವು ಉಳಿದಿರುತ್ತವೆ. ಮಂತ್ರವೂ ಬೈಗುಳವೂ ಒಂದೇ ಬುಟ್ಟಿಯಲ್ಲಿ ಉಳಿಯುವುದು ತಮಾಷೆ ಅನ್ನಿಸಬಹುದು. ಸೌಮ್ಯ ಸ್ವಭಾವದ ಮೇಷ್ಟ್ರೊಬ್ಬರು ಲಕ್ವ ಹೊಡೆದ ಮೇಲೆ ಬರೀ ಬೈಯುತ್ತಾರೆ ಅಂತ ಮನೆಯವರು ನಾಚಿಕೊಂಡು ನನ್ನ ಹತ್ತಿರ ಬಂದಿದ್ದರು. ಅದು ಅವರ ಮನಸ್ಸಿನ ಕೊಳೆಯಲ್ಲ. ಉಳಿದ ದಾರಿಯಲ್ಲಿ ಸಿಕ್ಕಿದ್ದು ಅದೊಂದೇ.

ಇಲ್ಲಿ ಸ್ವಲ್ಪ ಪದ್ಯದ ಕಡೆಗೇ ಬರುತ್ತೇನೆ. ನನ್ನ ಪ್ರಕಾರ ಇಡೀ ವಿಷಯದ ಸ್ವಾರಸ್ಯ ಇರುವುದು ಇಲ್ಲೇ. ಬರೆದವರು ಯಾರೆಂದೇ ಗೊತ್ತಿಲ್ಲದ ಆ ಹಾಡಿನ ಮೊದಲ ಪದ್ಯದಲ್ಲಿ ನಾಲ್ಕು ಸಾಲೂ ಶುರುವಾಗುವ ಪದ ನೋಡಿ: ಧರಣಿ, ಮೆರೆಯುತಿಹ, ಇರುವ, ಪರಿಯ. ಎರಡನೇ ಅಕ್ಷರ ನಾಲ್ಕರಲ್ಲೂ ‘ರ’ಕಾರ. ಮುಂದೆ ಗೊಲ್ಲ ಕೊಳಲೂದುವ ಪದ್ಯ: ಎಳೆಯ, ಕೊಳಲ, ಬಳಸಿ, ಬಳಿಗೆ. ನಾಲ್ಕರಲ್ಲೂ ‘ಳ’ಕಾರ. ಇದೇ ಆದಿಪ್ರಾಸ. ಹೈಸ್ಕೂಲಿನಲ್ಲಿ ನಾವೆಲ್ಲ ಇದನ್ನು ಎರಡು ಮಾರ್ಕಿಗೆ ಕಲಿತು ಮರೆತೆವು. ಅಲಂಕಾರಕ್ಕೆ ಅಂದುಕೊಂಡೆವು. ನನ್ನ ಕೆಲಸದ ಕಣ್ಣಿಗೆ ಅದು ಬೇರೆಯೇ ಕಾಣುತ್ತದೆ. ಹಿಂದಿನ ಸಾಲು ಮುಂದಿನ ಸಾಲಿಗೆ ಕೈ ಚಾಚಿ ‘ಇಲ್ಲಿ ಕಾಲಿಡು’ ಅಂತ ಹೇಳುವುದು ಅದು.

ಥೆರಪಿಯಲ್ಲಿ ನಾವು ಮಾಡುವುದೂ ಇದನ್ನೇ. ಬಟ್ಟಲಿನ ಚಿತ್ರ ತೋರಿಸುತ್ತೇವೆ. ಪದ ಬರುವುದಿಲ್ಲ. ‘ಬ...’ ಅಂದು ಸುಮ್ಮನಾಗುತ್ತೇವೆ. ಮೊದಲ ದನಿ ಸಿಕ್ಕ ಕೂಡಲೇ ಉಳಿದದ್ದು ಎಷ್ಟೋ ಸಲ ಜಾರಿಕೊಂಡು ಬಂದುಬಿಡುತ್ತದೆ. ಇದಕ್ಕೆ ಕ್ಯೂ ಕೊಡುವುದು ಅನ್ನುತ್ತೇವೆ. ನಮ್ಮ ಕವಿಗಳು ಸಾಲು ಸಾಲಿಗೂ ಕ್ಯೂ ಇಟ್ಟೇ ಪದ್ಯ ಕಟ್ಟಿದರು. ಓದು ಬರಹ ಬಾರದ ಜನಕ್ಕೂ ಪದ್ಯ ನೆನಪಿರಬೇಕಿತ್ತಲ್ಲ! ಅದರ ಮೇಲೆ ನಡೆ ಬೇರೆ. ಕೊಳಲ, ನೂದುತ, ಗೊಲ್ಲ, ಗೌಡನು. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ, ಉದ್ದ ಅಕ್ಷರಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು ಅಂತ ಬೆರಳಲ್ಲಿ ಎಣಿಸಿ ನೋಡಿ: ಮೂರು ಮಾತ್ರೆ, ನಾಲ್ಕು, ಮೂರು, ನಾಲ್ಕು. ಕುಮಾರವ್ಯಾಸ ಇಡೀ ಭಾರತ ಹೇಳಿದ ಭಾಮಿನಿ ಷಟ್ಪದಿಯದ್ದೂ ಇದೇ ನಡೆ. ಸಾಲಿನ ನಡುವೆ ಪದ ಮರೆತರೂ ಆ ಖಾಲಿ ಜಾಗದ ಅಳತೆ ಬಾಯಿಗೆ ಗೊತ್ತಿರುತ್ತದೆ. ಹೆಬ್ಬೆಟ್ಟು ಒತ್ತುವ ಹಿರಿಯರು ನೂರಾರು ಷಟ್ಪದಿ ಬಾಯಲ್ಲೇ ಹೇಳುತ್ತಿದ್ದದ್ದು ಜ್ಞಾಪಕಶಕ್ತಿಯ ಪವಾಡ ಅಂತ ನಾನು ಒಪ್ಪುವುದಿಲ್ಲ. ಅರ್ಧ ಕೆಲಸ ಛಂದಸ್ಸಿನದು.

ಹಾಗಾದರೆ ಹಾಡಿಸಿದರೆ ಮಾತು ಬರುತ್ತದಾ? ಇಲ್ಲಿ ನಿಮಗೆ ಸುಳ್ಳು ಆಸೆ ಕೊಡಲಾರೆ. ಗೋವಿನ ಹಾಡನ್ನು ದಿನಾ ಹಾಡಿಸಿದರೆ ಗೋವಿನ ಹಾಡು ಚೆನ್ನಾಗಿ ಬರುತ್ತದೆ. ಅದರಿಂದಲೇ ‘ನೀರು’ ಬರುವುದಿಲ್ಲ.

ಆದರೆ ಹಾಡಿನಿಂದ ಕಲಿಯಲು ಇದೆ. 1973ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೂವರು ಒಂದು ವಿಧಾನ ಮಾಡಿದರು. ದಿನಬಳಕೆಯ ಪುಟ್ಟ ವಾಕ್ಯಗಳನ್ನು ಎರಡೇ ಸ್ವರದಲ್ಲಿ, ಒಂದು ಏರು ಒಂದು ಇಳಿ, ರಾಗವಾಗಿ ಹೇಳಿಸುವುದು. ಜೊತೆಗೆ ರೋಗಿಯ ಎಡಗೈಯಲ್ಲಿ ತಾಳ ತಟ್ಟಿಸುವುದು. ಮೆಲ್ಲಗೆ ರಾಗ ಕಡಿಮೆ ಮಾಡುತ್ತ ಮಾತಿಗೆ ಇಳಿಸುವುದು. ರಾಗವೇ ಮದ್ದು ಅಂತ ಬಹಳ ಕಾಲ ನಂಬಿದ್ದೆವು. 2011ರಲ್ಲಿ ಜರ್ಮನಿಯಲ್ಲಿ ಬೆಂಜಮಿನ್ ಸ್ಟಾಲ್ ಮತ್ತು ಸಂಗಡಿಗರು 17 ರೋಗಿಗಳಲ್ಲಿ ಇದನ್ನು ಬಿಡಿಸಿ ನೋಡಿದರು. ರಾಗಕ್ಕಿಂತ ತಾಳ ಮತ್ತು ಪದಗಳ ರೂಢಿಯೇ ಮುಖ್ಯ ಅಂತ ಕಂಡಿತು. ರಾಗವಿಲ್ಲದೆ ಬರೀ ತಾಳಕ್ಕೆ ಹೇಳಿದರೂ ಹೆಚ್ಚುಕಡಿಮೆ ಅಷ್ಟೇ ಅನುಕೂಲ. ಇದನ್ನು ಓದಿದಾಗ ನನಗೆ ನಗು ಬಂತು. ರಾಗ ಗೊತ್ತಿಲ್ಲದ ನಮ್ಮಜ್ಜಿ ಬರೀ ಲಯದ ಮೇಲೆ ರಾತ್ರಿಯೆಲ್ಲ ಬೀಸುವ ಪದ ಹೇಳುತ್ತಿದ್ದರು. ಇದೇ ತಂಡ 2013ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಹಾಡಿನಲ್ಲೋ ತಾಳದಲ್ಲೋ ಅಭ್ಯಾಸ ಮಾಡಿದವರಿಗೆ ರೂಢಿಯ ಮಾತುಗಳು ಚೆನ್ನಾಗಿ ಬಂದವು. ಮಾಮೂಲಿ ಥೆರಪಿ ಪಡೆದವರಿಗೆ ಹೊಸ ಮಾತುಗಳು ಸುಧಾರಿಸಿದವು. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಎರಡರಲ್ಲಿ ಯಾವುದನ್ನೂ ಬಿಡಬೇಡಿ.

ಕನ್ನಡದಲ್ಲಿ ನಮಗೊಂದು ಅನುಕೂಲವೂ ಇದೆ. ‘ನೀರು ಬೇಕು.’ ಅಳೆದು ನೋಡಿ, ಮೂರು ಮಾತ್ರೆ, ಮೂರು ಮಾತ್ರೆ. ‘ಊಟ ಬೇಕು’, ‘ಕಾಫಿ ಬೇಕು’, ‘ಫ್ಯಾನು ಹಾಕು’, ‘ಹೋಗಿ ಬನ್ನಿ’, ‘ಸಾಕು ಸಾಕು’. ಎಲ್ಲ ಮೂರು ಮೂರು! ಮನೆಯೊಳಗಿನ ಅರ್ಧ ಬದುಕು ಈ ನಡೆಯಲ್ಲೇ ಸಾಗುತ್ತದೆ. ನಿಮ್ಮ ತಂದೆಯ ಎಡಗೈಯನ್ನು ನಿಮ್ಮ ಕೈಯಲ್ಲಿ ಹಿಡಿದು ಮೇಜಿನ ಮೇಲೆ ತಟ್ಟುತ್ತ, ನಿಧಾನಕ್ಕೆ ಎಳೆದು ‘ನೀ...ರು ಬೇ...ಕು’ ಅಂತ ಇಬ್ಬರೂ ಒಟ್ಟಿಗೆ ಹೇಳಿ. ಎದುರಿಗೆ ನೀರಿನ ಲೋಟ ಇರಲಿ. ಹತ್ತು ಸಲ ಒಟ್ಟಿಗೆ ಹೇಳಿದ ಮೇಲೆ ನಿಮ್ಮ ದನಿ ತಗ್ಗಿಸಿ. ಕೊನೆಗೆ ‘ನೀ...’ ಅಂದು ನಿಲ್ಲಿಸಿ. ಪದ ಬಂದ ತಕ್ಷಣ ನೀರು ಕೊಡಿ. ಆಡಿದ ಮಾತಿಗೆ ಕೆಲಸ ಆಗಬೇಕು. ಇಲ್ಲದಿದ್ದರೆ ಅದೂ ಇನ್ನೊಂದು ಬಾಯಿಪಾಠ. ಹಾಗಂತ ಪದ ಬರುವ ತನಕ ನೀರು ಕೊಡುವುದಿಲ್ಲ ಅಂತ ಕೂರಬೇಡಿ. ಅದು ಹಿಂಸೆ. ಒಂದು ವಾರಕ್ಕೆ ಎರಡು ಮಾತು ಸಾಕು.

ನಾನೂ ಇದನ್ನು ತಪ್ಪು ಮಾಡಿಯೇ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾವೇರಿ ಕಡೆಯ ಒಬ್ಬ ರೈತರು ಬಂದಿದ್ದರು. ಆಗ ನನ್ನ ಕೈಲಿದ್ದ ಚಿತ್ರದ ಕಾರ್ಡುಗಳು ಹೊರದೇಶದವು. ಹಿಮದ ಮನೆ, ಎಂಥದೋ ತಂತಿ ವಾದ್ಯ, ನಾನೇ ಕಣ್ಣಾರೆ ಕಾಣದ ವಸ್ತುಗಳು. ಅವರು ಮಿಕಮಿಕ ನೋಡಿದರು. ಫೈಲಿನಲ್ಲಿ ‘ಪ್ರತಿಕ್ರಿಯೆ ಇಲ್ಲ’ ಅಂತ ಬರೆದೆ. ಬಾಗಿಲ ಹತ್ತಿರ ಕೂತಿದ್ದ ಅವರ ಹೆಂಡತಿ ಅಂದರು: ‘ಬಾಯಾರ, ಇಂಥಾ ಚಿತ್ರ ನಮ್ಮೂರಾಗ ಯಾರೂ ಕಂಡಿಲ್ರಿ. ಅವರಿಗೆ ಡೊಳ್ಳಿನ ಪದ ಕೇಳ್ರಿ.’ ಹಾಗಂದು ತಾವೇ ಒಂದು ಸಾಲು ಎತ್ತಿದರು. ಆ ಮನುಷ್ಯನ ಬೆನ್ನು ನೆಟ್ಟಗಾಯಿತು. ಎಡಗೈ ತೊಡೆಯ ಮೇಲೆ ತಾಳ ಹಾಕಿತು. ಆಮೇಲೆ ಬಂದ ದನಿಗೆ ಪಕ್ಕದ ಕೋಣೆಯವರೆಲ್ಲ ಎದ್ದು ಬಂದರು. ಆ ಫೈಲಿನ ಸಾಲನ್ನು ಹೊಡೆದುಹಾಕಿದೆ. ಮರುದಿನ ನೇಗಿಲು, ಕುಡುಗೋಲು, ರೊಟ್ಟಿ ತಟ್ಟುವ ಹಲಗೆ ಇವುಗಳ ಚಿತ್ರ ನಾನೇ ಬರೆದುಕೊಂಡೆ. ಕೆಟ್ಟದಾಗಿ ಬರೆದಿದ್ದೆ, ಕೆಲಸಕ್ಕೆ ಬಂತು.

ಹಾಗಾಗಿ ನಿಮ್ಮ ತಂದೆಗೂ ಅವರ ಲೋಕದ ಪದಗಳೇ ಬೇಕು. ಕೊಬ್ಬರಿ, ಚೀಲ, ತಕ್ಕಡಿ, ಗಿಟುಕು, ಮಂಡಿ. ಮೊಬೈಲಿನ ಇಂಗ್ಲಿಷ್ ಆ್ಯಪ್ ತೆಗೆದುಕೊಂಡು ‘ಆ್ಯಪಲ್’ ಹೇಳಿಸಲು ಹೋಗಬೇಡಿ. ಅವರು ಮನೆಯಲ್ಲಿ ‘ನೀರ್ ಕೊಡು’ ಅನ್ನುತ್ತಿದ್ದರೆ ‘ನೀರ್ ಕೊಡು’ ಅಂತಲೇ ಕಲಿಸಿ. ಪುಸ್ತಕದ ಕನ್ನಡ ತಿದ್ದುವ ಹೊತ್ತಲ್ಲ ಇದು.

ಪದ್ಯ ಕೇಳಿಸುವುದರಿಂದ ಬೇರೆ ಲಾಭ ಏನು ಅಂತ ಕೇಳಬಹುದು. ಫಿನ್ಲೆಂಡಿನಲ್ಲಿ ಸ್ಟ್ರೋಕ್ ಆದ 60 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪು ಎರಡು ತಿಂಗಳು ದಿನಾ ಒಂದು ಗಂಟೆಯಾದರೂ ತಮಗಿಷ್ಟದ ಸಂಗೀತ ಕೇಳಿತು. ಒಂದು ಗುಂಪು ಕತೆ ಕಾದಂಬರಿಗಳ ಆಡಿಯೋ ಪುಸ್ತಕ ಕೇಳಿತು. ಇನ್ನೊಂದಕ್ಕೆ ಎರಡೂ ಇಲ್ಲ. 2008ರಲ್ಲಿ ಬಂದ ಫಲಿತಾಂಶದಲ್ಲಿ ಪದಗಳ ನೆನಪು, ಗಮನ ಎರಡರಲ್ಲೂ ಸಂಗೀತದ ಗುಂಪೇ ಮುಂದಿತ್ತು. ಸಾಹಿತ್ಯ ಪ್ರೇಮಿಯಾದ ನನಗೆ ಸ್ವಲ್ಪ ಬೇಜಾರಾಯಿತು, ಆಡಿಯೋ ಪುಸ್ತಕ ಸೋತಿತಲ್ಲ ಅಂತ. 2020ರಲ್ಲಿ ಅದೇ ಕಡೆಯವರು ಇನ್ನೂ ಬಿಡಿಸಿ ನೋಡಿದಾಗ ಬರೀ ವಾದ್ಯಕ್ಕಿಂತಲೂ ಆಡಿಯೋ ಪುಸ್ತಕಕ್ಕಿಂತಲೂ ಮಾತಿರುವ ಹಾಡು ನೆನಪಿಗೆ ಹೆಚ್ಚು ನೆರವಾಗಿತ್ತು. ಅಂದರೆ ಮಾತೂ ಬೇಕು, ಲಯವೂ ಬೇಕು. ಇದಕ್ಕೆ ಹಳೆಯ ಹೆಸರು ಪದ್ಯ, ಅಲ್ವಾ?

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಖಿನ್ನತೆಗೆ ಬೀಳುತ್ತಾರೆ. ಮಾತು ಹೋದವರಿಗೆ ಅದನ್ನು ಹೇಳಿಕೊಳ್ಳಲೂ ಆಗುವುದಿಲ್ಲ. ದಿನವಿಡೀ ಮಂಡಿಯಲ್ಲಿ ದರ ಕೂಗಿದ ಮನುಷ್ಯ ಐದು ತಿಂಗಳಿಂದ ತನ್ನ ದನಿಯನ್ನೇ ಕೇಳಿಲ್ಲ. ಹೋದ ವಾರ ಕೇಳಿದರು. ಅವರ ಮುಖ ಆಗ ಹೇಗಿತ್ತು ಅಂತ ನೀವು ಬರೆದಿಲ್ಲ, ನಾನು ಊಹಿಸಬಲ್ಲೆ. ಊಟ ಬಿಡುವುದು, ನಿದ್ದೆ ಇಲ್ಲದಿರುವುದು, ಸುಮ್ನೆ ಅಳುವುದು ಕಂಡರೆ ಡಾಕ್ಟರಿಗೆ ತಿಳಿಸಿ. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಸ್ವೀಡನ್ನಿನ ಕವಿ ತೋಮಸ್ ಟ್ರಾನ್ಸ್ಟ್ರೋಮರ್ ಅವರಿಗೆ 1990ರಲ್ಲಿ ಹೀಗೇ ಆಯಿತು. ಬಲಗಡೆ ಸೋತಿತು, ಮಾತು ಹೋಯಿತು. ಹೆಂಡತಿಯೇ ಅವರ ಪರವಾಗಿ ಜನರ ಜೊತೆ ಮಾತಾಡುತ್ತಿದ್ದರು. ಅವರು ಎಡಗೈಯಲ್ಲಿ ಪಿಯಾನೋ ನುಡಿಸಿದರು. 1996ರಲ್ಲಿ ಹೊಸ ಕವನ ಸಂಕಲನ ಬಂತು, 2004ರಲ್ಲಿ ಇನ್ನೊಂದು. ಎರಡನೆಯದರಲ್ಲಿ ಹೆಚ್ಚಿನವು ಹೈಕುಗಳು. 2011ರಲ್ಲಿ ನೊಬೆಲ್ ಬಂದಾಗ ಅವರು ಭಾಷಣ ಮಾಡಲಿಲ್ಲ. ಅವರ ಕವಿತೆಗಳನ್ನು ಬೇರೆಯವರು ಓದಿದರು. ಎಲ್ಲರೂ ಟ್ರಾನ್ಸ್ಟ್ರೋಮರ್ ಆಗಲಿ ಅಂತ ಇದನ್ನು ಹೇಳುತ್ತಿಲ್ಲ. ಹೈಕು ಮೂರೇ ಸಾಲಿನದು. ಕಡಿಮೆ ಮಾತು ಉಳಿದವರಿಗೆ ಕಡಿಮೆ ಮಾತಿನ ರೂಪ ಒದಗಿಬಂತು ಅನ್ನುವುದು ನನಗೆ ಇಷ್ಟ.

ಮನೆಯಲ್ಲಿ ಏನು ಮಾಡಬೇಕು ಅಂತ ಸ್ವಲ್ಪ ಹೇಳುತ್ತೇನೆ. ಥೆರಪಿಗೆ ಕರೆದುಕೊಂಡು ಹೋಗುವುದನ್ನು ನಿಲ್ಲಿಸಬೇಡಿ. ಮೊದಲ ಆರು ತಿಂಗಳಲ್ಲಿ ಚೇತರಿಕೆ ಚುರುಕು, ಆದರೆ ಆಮೇಲೆ ಬಾಗಿಲು ಮುಚ್ಚುತ್ತದೆ ಅನ್ನುವುದು ಸುಳ್ಳು. ವರ್ಷಗಳ ನಂತರವೂ ಸುಧಾರಿಸಿದವರಿದ್ದಾರೆ. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಿಮಗೆ ತೀರಾ ದೂರವಲ್ಲ. ನೆಂಟರು ಬಂದಾಗ ‘ಎಲ್ಲಿ, ಇವರ ಹೆಸರು ಹೇಳಿ ನೋಡೋಣ’ ಅಂತ ಪರೀಕ್ಷೆ ಇಡಬೇಡಿ. ಹಾಡಿ ತೋರಿಸಿ ಅಂತಲೂ ಕೂರಿಸಬೇಡಿ. ಮಾತಾಡುವಾಗ ಟಿವಿ ಆರಿಸಿ. ಅವರ ಎದುರಿಗೆ ಅವರ ಬಗ್ಗೆ ‘ಇವರಿಗೆ ಏನೂ ಗೊತ್ತಾಗಲ್ಲ’ ಅನ್ನುವ ಮಾತು ಬೇಡವೇ ಬೇಡ. ಬಹಳಷ್ಟು ಗೊತ್ತಾಗುತ್ತದೆ.

ಮಗಳಿಗೆ ಒಂದು ಕೆಲಸ ಕೊಡಿ. ಸಂಜೆ ತಾತನ ಎಡಗಡೆ ಕೂತು ಹಾಡಲಿ, ಅವರ ಎಡಗೈ ತಾಳ ಹಾಕಲಿ. ಎರಡು ಮೂರು ದಿನ ಇಬ್ಬರೂ ಪೂರ್ತಿ ಹಾಡಲಿ. ಆಮೇಲೆ ಅವಳು ಪ್ರತಿ ಸಾಲಿನ ಕೊನೆಯ ಪದ ಬಿಟ್ಟು ನಿಲ್ಲಿಸಲಿ. ‘ಆರು ನನಗೆ...’ ಅಂದು ತಾತನ ಮುಖ ನೋಡಲಿ. ತಕ್ಷಣ ಹೇಳಿಕೊಡಬಾರದು. ಮಕ್ಕಳಿಗೆ ಅವಸರ ಇರುತ್ತದೆ, ದೊಡ್ಡವರಿಗೆ ಇನ್ನೂ ಜಾಸ್ತಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಲು ಹೇಳಿ.